ಭಾರ ಎತ್ತುವ ಯುವಕರ ಕತ್ತಿನ ಅಪಧಮನಿ: ಜಪಾನಿನ ಒಂದು ಪ್ರಯೋಗದ ಪ್ರಕರಣ ಅಧ್ಯಯನ

ಆರೋಗ್ಯವಂತ ಯುವಕರು ನಾಲ್ಕು ತಿಂಗಳ ಕಾಲ ಕ್ರಮವಾಗಿ ಭಾರ ಎತ್ತಿದರೆ ಅವರ ತೋಳು, ಎದೆ, ತೊಡೆಗಳು ಬಲಗೊಳ್ಳುತ್ತವೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅದೇ ನಾಲ್ಕು ತಿಂಗಳಲ್ಲಿ ಅವರ ಕತ್ತಿನ ಅಪಧಮನಿಗೆ ಏನಾಗುತ್ತದೆ ಎಂಬುದನ್ನು ಜಪಾನಿನ ಮೊಟೊಹಿಕೊ ಮಿಯಾಚಿ ಮತ್ತು ಅವರ ಸಂಗಡಿಗರು ಅಳೆದು ನೋಡಿ, ಅಮೆರಿಕದ ಹೃದಯ ಸಂಘದ ಪತ್ರಿಕೆಯಾದ ‘ಸರ್ಕ್ಯುಲೇಷನ್’ನಲ್ಲಿ 2004ರಲ್ಲಿ ಪ್ರಕಟಿಸಿದರು. ಭಾರ ಎತ್ತುವ ತರಬೇತಿಯಿಂದ ಅಪಧಮನಿಯ ಹಿಗ್ಗುವ ಗುಣದ ಮೇಲೆ ಪ್ರತಿಕೂಲ ಪರಿಣಾಮವಾಗುತ್ತದೆ ಎಂಬ ಮಾತು ಆ ಲೇಖನದ ಶೀರ್ಷಿಕೆಯಲ್ಲೇ ಇತ್ತು. ವ್ಯಾಯಾಮವೆಂದರೆ ಹೃದಯಕ್ಕೂ ರಕ್ತನಾಳಕ್ಕೂ ಒಳಿತೆಂದು ನಂಬಿದ್ದವರಿಗೆ ಅದು ಸುಲಭವಾಗಿ ಒಪ್ಪುವಂಥ ಮಾತಾಗಿರಲಿಲ್ಲ.

ಈ ಬರಹ ಆ ಒಂದು ಪ್ರಯೋಗವನ್ನೇ ಪ್ರಕರಣವಾಗಿ ತೆಗೆದುಕೊಂಡು, ಅದರಲ್ಲಿ ಏನು ಮಾಡಲಾಯಿತು, ಏನು ಕಂಡಿತು, ನಂತರ ಬಂದ ಅಧ್ಯಯನಗಳು ಅದನ್ನು ಎಷ್ಟರಮಟ್ಟಿಗೆ ಎತ್ತಿಹಿಡಿದವು, ಎಲ್ಲಿ ಅಲುಗಾಡಿಸಿದವು ಎಂಬುದನ್ನು ಪರಿಶೀಲಿಸುತ್ತದೆ. ಭಾರ ಎತ್ತುವುದು ಅಪಧಮನಿಗೆ ಕೆಡುಕು ಎಂಬ ತೀರ್ಪನ್ನು ಈ ಪ್ರಕರಣದಿಂದ ಹೊರಡಿಸುವುದು ತಪ್ಪಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹೆಚ್ಚು ಭಾರವನ್ನು, ಅದೊಂದನ್ನೇ, ಬೇರಾವ ವ್ಯಾಯಾಮವೂ ಇಲ್ಲದೆ ಎತ್ತಿದಾಗ ಯುವಕರ ದೊಡ್ಡ ಅಪಧಮನಿಗಳು ಹೇಗೆ ಪ್ರತಿಕ್ರಿಯಿಸುತ್ತವೆ ಎಂಬುದಷ್ಟನ್ನೇ ಅದು ತೋರಿಸಿತು. ಆ ಭಾರದ ಜೊತೆಗೆ ಇನ್ನೇನನ್ನು ಸೇರಿಸಲಾಗಿದೆ ಎಂಬುದರ ಮೇಲೆ ಫಲ ನಿಂತಿದೆ ಎಂಬುದು ಆಮೇಲೆ ಗೊತ್ತಾಯಿತು.

ಅಪಧಮನಿ ಯಾಕೆ ಹಿಗ್ಗಬೇಕು

ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಮಹಾಪಧಮನಿಗೆ ನೂಕುತ್ತದೆ. ಈ ನೂಕುವ ಕೆಲಸ ಬಡಿತದ ಅವಧಿಯ ಸುಮಾರು ಮೂರನೇ ಒಂದು ಪಾಲಿನಲ್ಲೇ ಮುಗಿದುಹೋಗುವುದರಿಂದ, ಉಳಿದ ಅವಧಿಯಲ್ಲೂ ಅಂಗಾಂಗಗಳಿಗೆ ರಕ್ತ ಹರಿಯುತ್ತಿರಬೇಕಾದರೆ ಮಹಾಪಧಮನಿಯೂ ಅದರಿಂದ ಕವಲೊಡೆಯುವ ಕತ್ತಿನ ಅಪಧಮನಿಗಳೂ ಹಿಗ್ಗಿ, ಒಂದಿಷ್ಟು ರಕ್ತವನ್ನು ಹಿಡಿದಿಟ್ಟುಕೊಂಡು, ಹೃದಯ ಸಡಿಲಗೊಂಡಾಗ ಕುಗ್ಗಿ ಅದನ್ನು ಮುಂದಕ್ಕೆ ಸಾಗಿಸಬೇಕು. ಈ ದೊಡ್ಡ ಅಪಧಮನಿಗಳ ಗೋಡೆಯಲ್ಲಿ ಎಲಾಸ್ಟಿನ್ ಎಂಬ ಹಿಗ್ಗುವ ನಾರು ಹೇರಳವಾಗಿರುತ್ತದೆ. ತೋಳು, ತೊಡೆಗಳ ಅಪಧಮನಿಗಳಲ್ಲಿ ಸ್ನಾಯುವಿನ ಪಾಲು ಹೆಚ್ಚು, ಅವು ಬಡಿತ ಬಡಿತಕ್ಕೂ ಹಿಗ್ಗುವುದು ಕಡಿಮೆ. ಈ ವ್ಯತ್ಯಾಸ ಮುಂದೆ ಪ್ರಯೋಗದ ಫಲಿತಾಂಶವನ್ನು ಓದುವಾಗ ಬೇಕಾಗುತ್ತದೆ.

ಈ ಹಿಗ್ಗುವ ಗುಣ ಕುಂದಿ ಗೋಡೆ ಬಿಗಿಯಾಗುವುದನ್ನು, ಅಂದರೆ ಪೆಡಸುತನವನ್ನು, ಅಳೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಕತ್ತಿನ ಅಪಧಮನಿಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ, ಒಂದು ಬಡಿತಕ್ಕೆ ಅದರ ವ್ಯಾಸ ಎಷ್ಟು ಹಿಗ್ಗಿತು ಎಂಬುದನ್ನು ಅದೇ ಜಾಗದ ಒತ್ತಡದ ಏರಿಳಿತದೊಡನೆ ಹೋಲಿಸಲಾಗುತ್ತದೆ. ಎರಡನೆಯದರಲ್ಲಿ ಹೃದಯದಿಂದ ಹೊರಟ ನಾಡಿಯ ಅಲೆ ದೇಹದ ಎರಡು ಬಿಂದುಗಳ ನಡುವೆ ಎಷ್ಟು ವೇಗವಾಗಿ ಸಾಗುತ್ತದೆ ಎಂದು ನೋಡಲಾಗುತ್ತದೆ. ಗೋಡೆ ಪೆಡಸಾದಷ್ಟೂ ಅಲೆ ವೇಗವಾಗಿ ಓಡುತ್ತದೆ. ಈ ಎರಡರ ನಡುವಿನ ಲೆಕ್ಕವನ್ನು ಬ್ರಾಮ್‌ವೆಲ್ ಮತ್ತು ಹಿಲ್ 1922ರಲ್ಲೇ ಕೊಟ್ಟಿದ್ದರು. ಆರೋಗ್ಯವಂತ ಯುವಜನರಲ್ಲಿ ಕತ್ತಿನಿಂದ ತೊಡೆಸಂದಿನವರೆಗೆ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಮೀಟರ್ ಇರುತ್ತದೆ. 2012ರ ಯುರೋಪಿನ ತಜ್ಞರ ಒಮ್ಮತದ ಪ್ರಕಾರ ಅದು 10 ಮೀಟರ್ ದಾಟಿದರೆ ಅಪಾಯದ ಗುರುತು.

ಈ ಅಳತೆಗೆ ವೈದ್ಯರು ಮಹತ್ವ ಕೊಡುವುದಕ್ಕೆ ಗಟ್ಟಿಯಾದ ಆಧಾರವಿದೆ. ಹದಿನೇಳು ಅಧ್ಯಯನಗಳ ದತ್ತಾಂಶವನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಮಹಾಪಧಮನಿಯ ಅಲೆಯ ವೇಗ ಸೆಕೆಂಡಿಗೆ 1 ಮೀಟರ್ ಹೆಚ್ಚಾದರೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಅಪಾಯ ಸುಮಾರು ಶೇ. 14ರಷ್ಟು ಏರುತ್ತದೆ ಎಂದು ಕಂಡುಬಂತು. ಆದರೆ ಆ ಲೆಕ್ಕ ಹೆಚ್ಚಾಗಿ ನಡುವಯಸ್ಸು ದಾಟಿದವರದು, ಅವರಲ್ಲಿ ಹಲವರು ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು. ಇಪ್ಪತ್ತೈದರ ಹುಡುಗ ಜಿಮ್‌ಗೆ ಸೇರಿ ನಾಲ್ಕು ತಿಂಗಳಲ್ಲಿ ತಂದುಕೊಂಡ ಬದಲಾವಣೆಗೆ ಅದೇ ಶೇ. 14ನ್ನು ಅಂಟಿಸುವುದು ನ್ಯಾಯವಲ್ಲ, ಆದರೂ ಜನಪ್ರಿಯ ಬರಹಗಳಲ್ಲಿ ಇದು ಆಗಾಗ ನಡೆಯುತ್ತದೆ.

ಪ್ರಯೋಗಕ್ಕೆ ಮುನ್ನ ಇದ್ದ ಪರಿಸ್ಥಿತಿ

ಓಟ, ನಡಿಗೆ, ಸೈಕಲ್‌ನಂಥ ಏರೋಬಿಕ್ ವ್ಯಾಯಾಮಗಳ ಬಗ್ಗೆ ಆ ಹೊತ್ತಿಗೆ ಹೆಚ್ಚು ಗೊಂದಲ ಇರಲಿಲ್ಲ. ಆಸ್ಟ್ರೇಲಿಯಾದ ಕ್ಯಾಮರಾನ್ ಮತ್ತು ಡಾರ್ಟ್ 1994ರಲ್ಲಿ, ವ್ಯಾಯಾಮದ ರೂಢಿಯಿಲ್ಲದ ಯುವಜನರು ಕೇವಲ ನಾಲ್ಕು ವಾರ ಸೈಕಲ್ ತುಳಿದರೂ ದೇಹದ ಒಟ್ಟು ಅಪಧಮನಿಗಳ ಹಿಗ್ಗುವ ಗುಣ ಹೆಚ್ಚುತ್ತದೆ ಎಂದು ತೋರಿಸಿದ್ದರು. ಹಿರೊಫುಮಿ ತನಾಕ ಮತ್ತು ಅವರ ತಂಡ 2000ದಲ್ಲಿ, ನಡುವಯಸ್ಸು ದಾಟಿದ ಗಂಡಸರು ಮೂರು ತಿಂಗಳು ಮುಖ್ಯವಾಗಿ ನಡಿಗೆಯನ್ನೇ ಮಾಡಿದಾಗ ಕತ್ತಿನ ಅಪಧಮನಿಯ ಹಿಗ್ಗುವ ಗುಣ ಸುಮಾರು ಶೇ. 25ರಷ್ಟು ಏರಿದ್ದನ್ನು ದಾಖಲಿಸಿತ್ತು. ವಯಸ್ಸಿನೊಡನೆ ಬರುವ ಪೆಡಸುತನವನ್ನು ನಡಿಗೆ ಭಾಗಶಃ ಹಿಮ್ಮೆಟ್ಟಿಸಬಲ್ಲದು ಎಂಬ ಮಾತಿಗೆ ಇದರಿಂದ ಬಲ ಬಂತು.

ಭಾರ ಎತ್ತುವವರ ವಿಷಯದಲ್ಲಿ ಇದ್ದದ್ದು ಹೋಲಿಕೆಯ ಅಧ್ಯಯನಗಳು ಮಾತ್ರ. ಮೆಲ್ಬರ್ನ್‌ನಲ್ಲಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹಲವು ಕಾಲದಿಂದ ಭಾರ ಎತ್ತುತ್ತಿದ್ದ ಯುವಕರ ಅಪಧಮನಿಗಳು ಅವರದೇ ವಯಸ್ಸಿನ ಇತರರಿಗಿಂತ ಪೆಡಸಾಗಿವೆ ಎಂದಿತು. ಮಿಯಾಚಿ ಅವರದೇ 2003ರ ಹೋಲಿಕೆಯಲ್ಲಿ ಭಾರ ಎತ್ತುವ ನಡುವಯಸ್ಕರಲ್ಲಿ ಹಿಗ್ಗುವ ಗುಣ ಕಡಿಮೆ ಕಂಡಿತೇ ಹೊರತು, ಯುವಕರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆಯ ಅಧ್ಯಯನಗಳಿಗೆ ಒಂದು ಹುಟ್ಟುದೋಷವಿದೆ: ವರ್ಷಗಟ್ಟಲೆ ಭಾರ ಎತ್ತುವ ಹವ್ಯಾಸ ಇಟ್ಟುಕೊಂಡವರು ಊಟ, ನಿದ್ದೆ, ದೇಹದ ಗಾತ್ರ, ಕೆಲವೊಮ್ಮೆ ಸ್ಟೆರಾಯ್ಡ್ ಬಳಕೆ, ಹೀಗೆ ಹತ್ತು ವಿಷಯಗಳಲ್ಲಿ ಇತರರಿಗಿಂತ ಬೇರೆಯಾಗಿರುತ್ತಾರೆ, ಪೆಡಸುತನಕ್ಕೆ ಅವುಗಳಲ್ಲಿ ಯಾವುದು ಕಾರಣ ಎಂದು ಒಂದೇ ಸಲದ ಅಳತೆಯಿಂದ ಹೇಳಲಾಗದು. ಹಾಗಾಗಿ ಭಾರ ಎತ್ತದಿದ್ದವರನ್ನು ಭಾರ ಎತ್ತಿಸಿ, ಮೊದಲು ಮತ್ತು ಆಮೇಲೆ ಅಳೆಯುವುದೊಂದೇ ದಾರಿಯಾಗಿ ಉಳಿದಿತ್ತು.

ಪ್ರಯೋಗ ನಡೆದ ಬಗೆ

20ರಿಂದ 38 ವರ್ಷದೊಳಗಿನ 28 ಆರೋಗ್ಯವಂತ ಗಂಡಸರನ್ನು ಆಯ್ದು, ಯಾವ ಒಲವಿಗೂ ಎಡೆಯಿಲ್ಲದಂತೆ ಯಾದೃಚ್ಛಿಕವಾಗಿ ತಲಾ 14 ಜನರ ಎರಡು ಗುಂಪು ಮಾಡಲಾಯಿತು. ಒಂದು ಗುಂಪು ವಾರಕ್ಕೆ ಮೂರು ಸಲ, ತರಬೇತುದಾರರ ಕಣ್ಣೆದುರೇ, ನಾಲ್ಕು ತಿಂಗಳು ಭಾರ ಎತ್ತಿತು. ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದ ಸುಮಾರು ಶೇ. 80ರಷ್ಟು ತೂಕದಲ್ಲಿ, ಕಾಲು, ಎದೆ, ಬೆನ್ನು, ಹೊಟ್ಟೆ ಎಲ್ಲವನ್ನೂ ಒಳಗೊಂಡ ವ್ಯಾಯಾಮಗಳು. ಜಿಮ್‌ಗೆ ಹೋಗುವ ಯಾವ ಹುಡುಗನಿಗೂ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ. ಇನ್ನೊಂದು ಗುಂಪಿಗೆ ತಮ್ಮ ಎಂದಿನ ಚಟುವಟಿಕೆಯನ್ನು ಹೆಚ್ಚಿಸದೆ, ಕಡಿಮೆ ಮಾಡದೆ ಇರುವಂತೆ ಹೇಳಲಾಯಿತು. ನಾಲ್ಕು ತಿಂಗಳು ಮುಗಿದ ಮೇಲೆ ಮೊದಲ ಗುಂಪಿನವರು ಮತ್ತೆ ನಾಲ್ಕು ತಿಂಗಳು ಭಾರ ಎತ್ತುವುದನ್ನು ಪೂರ್ತಿ ನಿಲ್ಲಿಸಿದರು. ಈ ಎರಡನೆಯ ಅವಧಿಯೇ ಪ್ರಯೋಗದ ನಿಜವಾದ ಜಾಣ್ಮೆ ಎಂದು ನನಗೆ ಅನಿಸುತ್ತದೆ, ಏಕೆಂದರೆ ಬಂದ ಬದಲಾವಣೆ ಎಂಥದು ಎಂಬುದರ ಸುಳಿವು ಅದು ಹೋಗುವ ಬಗೆಯಲ್ಲಿ ಸಿಗುತ್ತದೆ.

ಸಂಶೋಧಕರ ಪಟ್ಟಿಯಲ್ಲಿ ಇಝುಮಿ ಟಬಾಟ ಅವರ ಹೆಸರೂ ಇದೆ. ಇಪ್ಪತ್ತು ಸೆಕೆಂಡ್ ಬಿರುಸಿನ ಶ್ರಮ, ಹತ್ತು ಸೆಕೆಂಡ್ ಬಿಡುವು ಎಂಬ, ಇಂದು ಬೆಂಗಳೂರಿನ ಫಿಟ್‌ನೆಸ್ ತರಗತಿಗಳಲ್ಲೂ ‘ಟಬಾಟ’ ಎಂದೇ ಕರೆಸಿಕೊಳ್ಳುವ ಕ್ರಮಕ್ಕೆ ಆ ಹೆಸರು ಬಂದದ್ದು ಅವರಿಂದಲೇ.

ನಾಲ್ಕು ತಿಂಗಳ ಕೊನೆಗೆ ಭಾರ ಎತ್ತಿದವರ ಎಲ್ಲ ಸ್ನಾಯುಗಳ ಬಲವೂ ಏರಿತ್ತು. ಆದರೆ ಅವರ ಕತ್ತಿನ ಅಪಧಮನಿಯ ಹಿಗ್ಗುವ ಗುಣ ಶೇ. 19ರಷ್ಟು ಇಳಿದಿತ್ತು. ಒತ್ತಡದ ಏರಿಳಿತದಿಂದ ಅಷ್ಟಾಗಿ ಬಾಧಿತವಾಗದ ಬೀಟಾ ಸೂಚ್ಯಂಕ, ಅಂದರೆ ಪೆಡಸುತನದ ಇನ್ನೊಂದು ಅಳತೆ, ಶೇ. 21ರಷ್ಟು ಏರಿತ್ತು. ಎಂದಿನಂತೆ ಇದ್ದ ಗುಂಪಿನಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ಭಾರ ಎತ್ತುವುದನ್ನು ಬಿಟ್ಟು ನಾಲ್ಕು ತಿಂಗಳು ಕಳೆದಾಗ ಎರಡೂ ಅಳತೆಗಳು ಮೊದಲಿದ್ದ ಮಟ್ಟಕ್ಕೆ ಪೂರ್ತಿಯಾಗಿ ಮರಳಿದ್ದವು.

ಬದಲಾಗದೆ ಉಳಿದ ಸಂಗತಿಗಳನ್ನೂ ಅಷ್ಟೇ ಎಚ್ಚರದಿಂದ ಓದಬೇಕು. ತೋಳಿನಲ್ಲಿ ಅಳೆದ ರಕ್ತದೊತ್ತಡವೂ ಕತ್ತಿನಲ್ಲಿ ಅಳೆದ ಒತ್ತಡವೂ ಬದಲಾಗಲಿಲ್ಲ. ಕತ್ತಿನ ಅಪಧಮನಿಯ ಗೋಡೆಯ ದಪ್ಪವಾಗಲಿ, ಒಳವ್ಯಾಸವಾಗಲಿ ಬದಲಾಗಲಿಲ್ಲ. ತೊಡೆಯ ಅಪಧಮನಿಯ ಹಿಗ್ಗುವ ಗುಣವೂ ಹಾಗೇ ಇತ್ತು, ಕಾಲುಗಳಿಗೂ ಸಾಕಷ್ಟು ಭಾರದ ಕೆಲಸ ಸಿಕ್ಕಿದ್ದರೂ. ಅಂದರೆ ಈ ಪರಿಣಾಮ ಎಲಾಸ್ಟಿನ್ ಹೆಚ್ಚಿರುವ, ಹೃದಯಕ್ಕೆ ಹತ್ತಿರದ ದೊಡ್ಡ ಅಪಧಮನಿಗೆ ಸೀಮಿತವಾಗಿತ್ತು. ಜೊತೆಗೆ, ಯಾರ ಹೃದಯದ ಎಡ ಹೃತ್ಕುಕ್ಷಿಯ, ಅಂದರೆ ರಕ್ತವನ್ನು ಮಹಾಪಧಮನಿಗೆ ನೂಕುವ ಕೋಣೆಯ, ಗೋಡೆ ಹೆಚ್ಚು ದಪ್ಪವಾಯಿತೋ ಅವರಲ್ಲೇ ಕತ್ತಿನ ಅಪಧಮನಿ ಹೆಚ್ಚು ಪೆಡಸಾಗಿತ್ತು. ಹೃದಯ ನೂಕುವ ರಕ್ತ ಎದುರಿಸುವ ನಾಳ ಗಟ್ಟಿಯಾದರೆ ಹೃದಯದ ಶ್ರಮ ಹೆಚ್ಚುವುದು ಸಹಜವಾದರೂ, ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಈ ಹೊಂದಿಕೆಯೊಂದರಿಂದಲೇ ನಿರ್ಧರಿಸಲಾಗದು. ಎರಡಕ್ಕೂ ಒಂದೇ ಮೂಲವಿರುವುದು, ಅಂದರೆ ಭಾರ ಎತ್ತುವಾಗಿನ ಒತ್ತಡವೇ ಎರಡನ್ನೂ ಬದಲಿಸಿರುವುದು, ಸಾಧ್ಯ.

ಒತ್ತಡ, ಉಸಿರು ಮತ್ತು ಮರಳಿ ಬಂದ ಹಿಗ್ಗು

ಭಾರ ಎತ್ತುವ ಕ್ಷಣದಲ್ಲಿ ರಕ್ತದೊತ್ತಡ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು ನಡೆಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಐವರು ಅನುಭವಿ ದೇಹದಾರ್ಢ್ಯ ಪಟುಗಳ ತೋಳಿನ ಅಪಧಮನಿಯೊಳಗೇ ನಳಿಕೆ ಇಟ್ಟು, ಎರಡೂ ಕಾಲುಗಳಿಂದ ಭಾರೀ ತೂಕ ಒತ್ತುವಾಗ ಅಳೆದಾಗ ಸರಾಸರಿ ಒತ್ತಡ 320/250 ತಲುಪಿತ್ತು, ಒಬ್ಬರಲ್ಲಂತೂ 480/350ನ್ನು ಮೀರಿತ್ತು. ವಿಶ್ರಾಂತಿಯಲ್ಲಿ 120/80 ಇರುವ ನಾಳ ಕೆಲವು ಸೆಕೆಂಡುಗಳ ಮಟ್ಟಿಗೆ ಇಷ್ಟನ್ನು ತಡೆದುಕೊಳ್ಳುತ್ತದೆ.

ಇದರಲ್ಲಿ ಉಸಿರಿನ ಪಾಲು ದೊಡ್ಡದು. ಭಾರ ಎತ್ತುವಾಗ ಗಂಟಲು ಮುಚ್ಚಿ, ಉಸಿರು ಬಿಗಿಹಿಡಿದು, ಹೊಟ್ಟೆ ಎದೆಗಳನ್ನು ಗಟ್ಟಿ ಮಾಡಿಕೊಳ್ಳುವುದು ಮನುಷ್ಯನ ಸಹಜ ಪ್ರವೃತ್ತಿ. ಉತ್ತರ ಕರ್ನಾಟಕದ ಊರುಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವನ ಮುಖ ಕೆಂಪೇರಿ, ಕತ್ತಿನ ನರಗಳು ಉಬ್ಬುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹಾಗೆ ಉಸಿರು ಕಟ್ಟಿದಾಗ ಎದೆಯೊಳಗಿನ ಒತ್ತಡ ನೇರವಾಗಿ ರಕ್ತದೊತ್ತಡಕ್ಕೆ ಕೂಡಿಕೊಳ್ಳುತ್ತದೆ. ಬಿಗಿಗೊಂಡ ಸ್ನಾಯುಗಳು ಸಣ್ಣ ನಾಳಗಳನ್ನು ಅದುಮುವುದರಿಂದ ರಕ್ತಕ್ಕೆ ಮುಂದೆ ದಾರಿ ಕಿರಿದಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಓಡುವಾಗ ಸ್ನಾಯುಗಳ ನಾಳಗಳು ಅಗಲವಾಗಿ ತೆರೆದುಕೊಳ್ಳುತ್ತವೆ. ಆಗ ರಕ್ತದ ಹರಿವು ಹಲವು ಪಟ್ಟು ಹೆಚ್ಚಿ ನಾಳದ ಒಳಪದರವನ್ನು ಉಜ್ಜುತ್ತಾ ಸಾಗುತ್ತದೆ. ಆ ಉಜ್ಜುವಿಕೆಗೆ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ಯುವಜನರಲ್ಲಿ ಕೆಲವೇ ವಾರಗಳ ಏರೋಬಿಕ್ ತರಬೇತಿಯಿಂದ ನಾಳವನ್ನು ಬಿಗಿಯಾಗಿಸುವ ಎಂಡೋಥೆಲಿನ್ ಎಂಬ ವಸ್ತುವಿನ ಮಟ್ಟ ಇಳಿಯುವುದನ್ನೂ ಜಪಾನಿನ ಸಂಶೋಧಕರು ದಾಖಲಿಸಿದ್ದಾರೆ.

ಇನ್ನು ನಾಲ್ಕು ತಿಂಗಳಲ್ಲಿ ಹಿಗ್ಗು ಮರಳಿ ಬಂದದ್ದರ ವಿಷಯ. ಎಲಾಸ್ಟಿನ್ ನಾರುಗಳು ಬಾಲ್ಯದಲ್ಲಿ ರೂಪುಗೊಂಡು ದಶಕಗಟ್ಟಲೆ ಬಾಳುವಂಥವು. ಒಮ್ಮೆ ತುಂಡಾದರೆ ದೇಹ ಅವನ್ನು ಸುಲಭವಾಗಿ ಹೊಸದಾಗಿ ಹೆಣೆಯುವುದಿಲ್ಲ. ವಯಸ್ಸಾದಂತೆ ಅಪಧಮನಿ ಪೆಡಸಾಗುವುದಕ್ಕೆ ಇದೇ ದೊಡ್ಡ ಕಾರಣ. ಮಿಯಾಚಿ ಅವರ ಪ್ರಯೋಗದಲ್ಲಿ ಕಂಡ ಪೆಡಸುತನವೂ ನಾರು ತುಂಡಾದುದರಿಂದ ಬಂದಿದ್ದರೆ ಅದು ನಾಲ್ಕು ತಿಂಗಳಲ್ಲಿ ಅಳಿಸಿಹೋಗುತ್ತಿರಲಿಲ್ಲ. ಗೋಡೆಯ ದಪ್ಪವೂ ಬದಲಾಗದಿದ್ದುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಗೋಡೆಯಲ್ಲಿರುವ ಸ್ನಾಯುವಿನ ಬಿಗಿತ ಏರಿ ಇಳಿದಿರುವ ಸಾಧ್ಯತೆಯೇ ಹೆಚ್ಚು ಎಂದು ತೋರುತ್ತದೆ. ಮುದುಕರಲ್ಲಿ ಕಾಣುವ ಪೆಡಸುತನಕ್ಕೂ ಜಿಮ್‌ನಿಂದ ಬಂದ ಈ ಪೆಡಸುತನಕ್ಕೂ ಅಳತೆಯ ಸಂಖ್ಯೆ ಒಂದೇ ಇದ್ದೀತು, ಗೋಡೆಯೊಳಗೆ ನಡೆದಿರುವುದು ಮಾತ್ರ ಬೇರೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡ ಬಳಿಕ ಕರ್ನಾಟಕದಲ್ಲಿ ಜಿಮ್ ಮತ್ತು ಹೃದಯದ ಬಗ್ಗೆ ಎದ್ದ ಆತಂಕದ ನೆನಪು ಇನ್ನೂ ಮಾಸಿಲ್ಲವಾದ್ದರಿಂದ ಇಲ್ಲೊಂದು ಮಾತು ಹೇಳಬೇಕು. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು, ಹೃದಯದ ಬಡಿತದ ಲಯ ತಪ್ಪುವುದು ಒಂದು ಬಗೆಯ ವಿಷಯ. ದೊಡ್ಡ ಅಪಧಮನಿಗಳ ಗೋಡೆ ಕಾಲಾಂತರದಲ್ಲಿ ಪೆಡಸಾಗುವುದು ಇನ್ನೊಂದು. ಇಲ್ಲಿ ಚರ್ಚಿಸುತ್ತಿರುವ ಪ್ರಯೋಗಗಳು ಎರಡನೆಯದನ್ನು ಮಾತ್ರ ಅಳೆದವು. ಜಿಮ್‌ನಲ್ಲಿ ಹಠಾತ್ ಸಾವು ಬರುತ್ತದೆಯೇ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರ ಹುಡುಕಬಾರದು.

ಬೇರೆಯವರಿಗೆ ಕಾಣದಿದ್ದದ್ದು

ಒಂದು ವರ್ಷ ಕಳೆಯುವುದರೊಳಗೆ ಎದುರು ಸಾಕ್ಷ್ಯ ಬಂತು. ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ರಾಕೊಬೊಚುಕ್ ಮತ್ತು ಸಂಗಡಿಗರು 2005ರಲ್ಲಿ, 28 ಯುವಕರು ಹನ್ನೆರಡು ವಾರ ಇಡೀ ದೇಹಕ್ಕೆ ಭಾರದ ತರಬೇತಿ ಪಡೆದರೂ ಅವರ ಕತ್ತಿನ ಅಪಧಮನಿಯ ಹಿಗ್ಗುವ ಗುಣ ಬದಲಾಗಲಿಲ್ಲ ಎಂದು ವರದಿ ಮಾಡಿದರು. ಫ್ಲೋರಿಡಾದ ಕೇಸಿ, ಬೆಕ್ ಮತ್ತು ಬ್ರೈತ್ ಅವರ 2007ರ ಅಧ್ಯಯನದಲ್ಲೂ, ಒಟ್ಟು ಪುನರಾವರ್ತನೆಗಳನ್ನು ಹೆಚ್ಚಿಸದೆ ತೂಕವನ್ನು ಮಾತ್ರ ಹಂತಹಂತವಾಗಿ ಏರಿಸಿದ ಯುವಕ ಯುವತಿಯರಲ್ಲಿ ಪೆಡಸುತನ ಕಾಣಲಿಲ್ಲ. ಅದೇ 2005ರಲ್ಲಿ ಟೆಕ್ಸಸ್‌ನಿಂದ ಬಂದ ವರದಿ ಬೇರೆಯೇ ಆಗಿತ್ತು: ಹನ್ನೊಂದು ವಾರ ಬಿರುಸಿನ ಬಲದ ತರಬೇತಿ ಪಡೆದ ಯುವತಿಯರಲ್ಲಿ ಕತ್ತಿನಿಂದ ತೊಡೆಸಂದಿಗೆ ಸಾಗುವ ನಾಡಿಯ ಅಲೆಯ ವೇಗ ಸೆಕೆಂಡಿಗೆ ಸುಮಾರು 7.9 ಮೀಟರ್‌ನಿಂದ 8.3 ಮೀಟರ್‌ಗೆ ಏರಿತ್ತು. ಹಾಗಾಗಿ ಇದನ್ನು ಗಂಡಸರ ಸಮಸ್ಯೆ ಎಂದು ಬದಿಗಿಡುವಂತೆಯೂ ಇರಲಿಲ್ಲ.

ಒಂದೇ ಹೆಸರಿನ ವ್ಯಾಯಾಮ ಇಷ್ಟು ಬೇರೆ ಬೇರೆ ಫಲ ಕೊಡುವುದಕ್ಕೆ, ಆ ಹೆಸರಿನಡಿ ನಡೆಯುವ ಕೆಲಸವೇ ಬೇರೆ ಬೇರೆಯಾಗಿರುವುದು ಮುಖ್ಯ ಕಾರಣ. ಜಪಾನಿನ ತಕನೋಬು ಒಕಾಮೊಟೊ ಮತ್ತು ಸಂಗಡಿಗರು ಈ ಗಂಟನ್ನು ಒಂದೊಂದೇ ಎಳೆಯಾಗಿ ಬಿಡಿಸಿದರು. ತೂಕವನ್ನು ಮೇಲೆತ್ತುವ ಕೆಲಸವನ್ನಷ್ಟೇ ಮಾಡಿದ ಯುವತಿಯರಲ್ಲಿ ಪೆಡಸುತನ ಏರಿತು. ತೂಕವನ್ನು ನಿಧಾನವಾಗಿ ಕೆಳಗಿಳಿಸುವ ಕೆಲಸವನ್ನಷ್ಟೇ ಮಾಡಿದವರಲ್ಲಿ ಏರಲಿಲ್ಲ. ತೋಳು ಎದೆಗಳಿಗೆ ಮಾತ್ರ ಭಾರ ಕೊಟ್ಟವರಲ್ಲಿ ಏರಿತು, ಕಾಲುಗಳಿಗೆ ಮಾತ್ರ ಕೊಟ್ಟವರಲ್ಲಿ ಏರಲಿಲ್ಲ. ಎದೆ, ತೋಳುಗಳ ದಿನವನ್ನು ಎಂದೂ ತಪ್ಪಿಸದೆ ಕಾಲುಗಳ ದಿನವನ್ನು ಮಾತ್ರ ಸದಾ ಮುಂದೂಡುವ ನಮ್ಮ ಜಿಮ್ ಹುಡುಗರು ಈ ಕೊನೆಯ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ಮಿಯಾಚಿ ಅವರೇ 2013ರಲ್ಲಿ ಆವರೆಗಿನ ಎಂಟು ಯಾದೃಚ್ಛಿಕ ಪ್ರಯೋಗಗಳನ್ನು, ಒಟ್ಟು 193 ಜನರ ದತ್ತಾಂಶವನ್ನು ಒಂದುಗೂಡಿಸಿ ನೋಡಿದರು. ಭಾರದ ತರಬೇತಿಯಿಂದ ಪೆಡಸುತನ ಒಟ್ಟಾರೆ ಶೇ. 10.7ರಷ್ಟು ಏರುತ್ತದೆ, ಹೆಚ್ಚಿನ ತೀವ್ರತೆಯಲ್ಲಿ ಎತ್ತುವ ಯುವಜನರಲ್ಲಿ ಶೇ. 11.6ರಷ್ಟು ಏರುತ್ತದೆ, ನಡುವಯಸ್ಕರಲ್ಲಿ ಮತ್ತು ಮಧ್ಯಮ ತೀವ್ರತೆಯಲ್ಲಿ ಅಂಥ ಸಂಬಂಧ ಕಾಣುವುದಿಲ್ಲ ಎಂಬುದು ಅವರ ತೀರ್ಮಾನ. ಮೊದಲ ಪ್ರಯೋಗದ ಶೇ. 19–21ಕ್ಕೆ ಹೋಲಿಸಿದರೆ ಇದು ಸುಮಾರು ಅರ್ಧ. ಸಣ್ಣ ಪ್ರಯೋಗಗಳಲ್ಲಿ ಮೊದಲು ದೊಡ್ಡದಾಗಿ ಕಂಡ ಪರಿಣಾಮ ಹೆಚ್ಚು ಜನರನ್ನು ಸೇರಿಸಿದಾಗ ಕುಗ್ಗುವುದು ವೈದ್ಯಕೀಯ ಸಂಶೋಧನೆಯಲ್ಲಿ ಹೊಸತೇನಲ್ಲ, ಮತ್ತು 193 ಕೂಡ ದೊಡ್ಡ ಸಂಖ್ಯೆಯಲ್ಲ. ಮರುವರ್ಷ ಇನ್ನೊಂದು ತಂಡ ಎಲ್ಲ ವಯಸ್ಸಿನವರನ್ನೂ ಸೇರಿಸಿ 42 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ಏರೋಬಿಕ್ ವ್ಯಾಯಾಮದಿಂದ ನಾಡಿಯ ಅಲೆಯ ವೇಗ ಸೆಕೆಂಡಿಗೆ ಸರಾಸರಿ 0.63 ಮೀಟರ್ ಇಳಿಯುತ್ತದೆ ಎಂದೂ, ಭಾರದ ತರಬೇತಿಯಿಂದ ಗಮನಾರ್ಹ ಏರಿಕೆಯಾಗಲಿ ಇಳಿಕೆಯಾಗಲಿ ಇಲ್ಲವೆಂದೂ ಕಂಡಿತು. ಈ ಎರಡು ತೀರ್ಮಾನಗಳು ಒಂದನ್ನೊಂದು ಅಲ್ಲಗಳೆಯುತ್ತವೆ ಎಂದು ನನಗೆ ಅನಿಸುವುದಿಲ್ಲ. ಎಲ್ಲ ವಯಸ್ಸುಗಳನ್ನೂ ಎಲ್ಲ ತೀವ್ರತೆಗಳನ್ನೂ ಕಲಸಿದಾಗ ಯುವಜನರಲ್ಲಿ ಮಾತ್ರ ಇರುವ ಒಂದು ಪರಿಣಾಮ ಮಸುಕಾಗುವುದು ನಿರೀಕ್ಷಿತವೇ. ಯುವಕರ ನಾಳ ಹೆಚ್ಚು ಹಿಗ್ಗುವ ಸ್ಥಿತಿಯಲ್ಲಿರುವುದರಿಂದ ಅದಕ್ಕೆ ಕಳೆದುಕೊಳ್ಳಲು ಹೆಚ್ಚು ಇದೆ.

ಓಟ ಸೇರಿದಾಗ ಏನಾಯಿತು

ಈ ಪ್ರಕರಣದ ಅತ್ಯಂತ ಉಪಯುಕ್ತ ಅಧ್ಯಾಯ ಮಿಯಾಚಿ ಅವರ ಗುಂಪಿನವರೇ ಆದ ಕವಾನೊ 2006ರಲ್ಲಿ ಪ್ರಕಟಿಸಿದ ಮುಂದುವರಿಕೆ. 39 ಯುವಕರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಮಧ್ಯಮ ತೂಕದ ತರಬೇತಿ, ಇನ್ನೊಂದಕ್ಕೆ ಭಾರೀ ತೂಕದ ಜೊತೆಗೆ ಗರಿಷ್ಠ ಹೃದಯ ಬಡಿತದ ಶೇ. 60ರ ಮಟ್ಟದಲ್ಲಿ ಏರೋಬಿಕ್ ವ್ಯಾಯಾಮ ಕೊಟ್ಟು, ಮೂರನೆಯದನ್ನು ಹೋಲಿಕೆಗೆ ಇಟ್ಟುಕೊಳ್ಳಲಾಯಿತು. ಅವಧಿ ಮೊದಲಿನಂತೆಯೇ: ನಾಲ್ಕು ತಿಂಗಳ ತರಬೇತಿ, ನಾಲ್ಕು ತಿಂಗಳ ಬಿಡುವು. ತೂಕ ಕಡಿಮೆ ಮಾಡಿದರೆ ಸಾಕು ಎಂದು ಯಾರಾದರೂ ಊಹಿಸಿದ್ದರೆ ಫಲಿತಾಂಶ ಅದಕ್ಕೆ ವಿರುದ್ಧವಾಗಿ ಬಂತು. ಮಧ್ಯಮ ತೂಕ ಎತ್ತಿದವರಲ್ಲೂ ಕತ್ತಿನ ಅಪಧಮನಿಯ ಹಿಗ್ಗುವ ಗುಣ ಇಳಿಯಿತು, ಬಿಡುವಿನಲ್ಲಿ ಮರಳಿತು. ಭಾರೀ ತೂಕ ಎತ್ತಿ ಅದರ ಜೊತೆಗೆ ಏರೋಬಿಕ್ ವ್ಯಾಯಾಮವನ್ನೂ ಮಾಡಿದವರಲ್ಲಿ ಅದು ಇಳಿಯಲೇ ಇಲ್ಲ, ಬಲ ಮಾತ್ರ ಏರಿತು. ಮಧ್ಯಮ ತೂಕ ನಿರಪಾಯ ಎಂಬ 2013ರ ಒಟ್ಟಾರೆ ತೀರ್ಮಾನವನ್ನು ಓದುವಾಗ ಅದೇ ತಂಡದ ಈ ಹಳೆಯ ಫಲಿತಾಂಶವನ್ನೂ ಕಣ್ಣೆದುರು ಇಟ್ಟುಕೊಳ್ಳಬೇಕು.

ಹಾಗಾದರೆ ಓಟ ಮೊದಲೋ, ಭಾರ ಮೊದಲೋ? ಒಕಾಮೊಟೊ ಅವರ ತಂಡ 2007ರಲ್ಲಿ 33 ಯುವಜನರೊಡನೆ ಈ ಪ್ರಶ್ನೆಯನ್ನೇ ಕೇಳಿತು. ಒಂದು ಗುಂಪು ಭಾರ ಎತ್ತುವುದಕ್ಕೆ ಮೊದಲು ಓಡಿತು, ಇನ್ನೊಂದು ಭಾರ ಎತ್ತಿದ ಮೇಲೆ ಓಡಿತು, ಮೂರನೆಯದು ಏನೂ ಮಾಡಲಿಲ್ಲ. ತೂಕ, ಓಟದ ಮಟ್ಟ, ವಾರಕ್ಕೆ ಎರಡು ಸಲ ಎಂಟು ವಾರಗಳ ಅವಧಿ ಎಲ್ಲವೂ ಮೊದಲೆರಡು ಗುಂಪುಗಳಿಗೆ ಒಂದೇ. ಮೊದಲು ಓಡಿದವರಲ್ಲಿ ತೋಳಿನಿಂದ ಕಣಕಾಲಿಗೆ ಅಳೆದ ನಾಡಿಯ ಅಲೆಯ ವೇಗ ಬದಲಾಗಲಿಲ್ಲ. ಆಮೇಲೆ ಓಡಿದವರಲ್ಲಿ ಅದು ಸೆಕೆಂಡಿಗೆ 1,025 ಸೆಂಟಿಮೀಟರ್‌ನಿಂದ 910 ಸೆಂಟಿಮೀಟರ್‌ಗೆ ಇಳಿಯಿತು, ಅಂದರೆ ಪೆಡಸುತನ ತಡೆಯಲ್ಪಟ್ಟದ್ದಷ್ಟೇ ಅಲ್ಲ, ಮೊದಲಿಗಿಂತ ಕಡಿಮೆಯೂ ಆಯಿತು; ತೋಳಿನ ಅಪಧಮನಿ ರಕ್ತದ ಹರಿವಿಗೆ ಸ್ಪಂದಿಸಿ ಅಗಲಗೊಳ್ಳುವ ಗುಣವೂ ಅವರಲ್ಲಿ ಹೆಚ್ಚಿತು. ಭಾರ ಎತ್ತಿ ಬಿಗಿಗೊಂಡ ನಾಳವನ್ನು ಅದೇ ಹೊತ್ತಿನಲ್ಲಿ ಓಟದ ಹರಿವು ಸಡಿಲಿಸುತ್ತದೆ ಎಂಬ ವಿವರಣೆ ಇದಕ್ಕೆ ಹೊಂದುತ್ತದೆ. ಪ್ರತಿ ಗುಂಪಿನಲ್ಲಿ ಹನ್ನೊಂದೇ ಜನರಿದ್ದರು ಎಂಬುದನ್ನು ಮರೆಯುವಂತಿಲ್ಲ. ಈ ಅಳತೆಯಲ್ಲಿ ಕೈಕಾಲುಗಳ ನಾಳಗಳ ಪಾಲೂ ಸೇರಿರುವುದರಿಂದ ಇದನ್ನು ಕತ್ತಿನ ಅಪಧಮನಿಯ ಅಳತೆಯೊಡನೆ ನೇರವಾಗಿ ತೂಗಲೂ ಆಗದು.

ಸಮಯವಿಲ್ಲದವರು ಕೇಳುವ ಬಿರುಸಿನ, ಚುಟುಕು ತರಬೇತಿಯ ಬಗ್ಗೆಯೂ ಒಂದು ಮಾತು. ಮ್ಯಾಕ್‌ಮಾಸ್ಟರ್‌ನಲ್ಲೇ 2008ರಲ್ಲಿ ಆರು ವಾರ, ವಾರಕ್ಕೆ ಮೂರು ದಿನ, ಮೂವತ್ತು ಸೆಕೆಂಡುಗಳ ಸರ್ವಶಕ್ತಿಯ ಸೈಕಲ್ ತುಳಿತವನ್ನು ಕೆಲವೇ ಸಲ ಮಾಡಿದ ಯುವಜನರನ್ನು, ವಾರಕ್ಕೆ ಐದು ದಿನ 40ರಿಂದ 60 ನಿಮಿಷ ಸೈಕಲ್ ತುಳಿದವರೊಡನೆ ಹೋಲಿಸಲಾಯಿತು. ಮೊಣಕಾಲ ಹಿಂದಿನ ಅಪಧಮನಿಯ ಹಿಗ್ಗುವ ಗುಣ ಇಬ್ಬರಲ್ಲೂ ಒಂದೇ ರೀತಿ ಸುಧಾರಿಸಿತು, ಕತ್ತಿನ ಅಪಧಮನಿ ಇಬ್ಬರಲ್ಲೂ ಬದಲಾಗಲಿಲ್ಲ. ಆರೋಗ್ಯವಂತ ಯುವಜನರ ದೊಡ್ಡ ಅಪಧಮನಿ ಮೊದಲೇ ಚೆನ್ನಾಗಿ ಹಿಗ್ಗುತ್ತಿರುವಾಗ ಆರು ವಾರದ ಓಟವೋ ಸೈಕಲ್ಲೋ ಅದನ್ನು ಇನ್ನಷ್ಟು ಉತ್ತಮಪಡಿಸಲಾರದು. ಭಾರದಿಂದ ಬರುವ ಇಳಿಕೆಯನ್ನು ತಡೆಯುವುದು ಬೇರೆ ಕೆಲಸ, ಅದನ್ನು ಏರೋಬಿಕ್ ವ್ಯಾಯಾಮ ಮಾಡಬಲ್ಲದು ಎಂಬುದಕ್ಕೆ ಕವಾನೊ ಅವರ ಫಲಿತಾಂಶವಿದೆ.

ಜಿಮ್‌ನ ಮಟ್ಟಿಗೆ

ಕಾರ್ಡಿಯೋ ಮಾಡಿದರೆ ಕಟ್ಟಿದ ಸ್ನಾಯು ಕರಗುತ್ತದೆ ಎಂಬ ನಂಬಿಕೆಯಿಂದ ಟ್ರೆಡ್‌ಮಿಲ್‌ನ ಹತ್ತಿರವೂ ಸುಳಿಯದ ಯುವಕರು ನಮ್ಮ ಪಟ್ಟಣಗಳ ಜಿಮ್‌ಗಳಲ್ಲಿ ಬೇಕಾದಷ್ಟಿದ್ದಾರೆ. 2004ರ ಪ್ರಯೋಗದಲ್ಲಿ ಭಾರ ಎತ್ತಿದ ಗುಂಪು ಪಾಲಿಸಿದ್ದು ಸರಿಸುಮಾರು ಇದೇ ಕ್ರಮವನ್ನು. ಕವಾನೊ ಅವರ ಪ್ರಯೋಗದಲ್ಲಿ ಎರಡನ್ನೂ ಮಾಡಿದವರ ಬಲವೂ ಏರಿದ್ದನ್ನು ನೋಡಿದರೆ ಆ ನಂಬಿಕೆಗೆ ಹೆದರಿ ಅಪಧಮನಿಯನ್ನು ಕಡೆಗಣಿಸಲು ಕಾರಣವಿಲ್ಲ. ಭಾರ ಎತ್ತುವುದನ್ನು ಬಿಡಿ ಎಂದು ಈ ಪ್ರಕರಣ ಹೇಳುವುದಿಲ್ಲ. ಎಲುಬಿನ ಗಟ್ಟಿತನ, ಸಕ್ಕರೆಯ ಹತೋಟಿ, ವಯಸ್ಸಾದ ಮೇಲೆ ಬೀಳದಂತೆ ನಿಲ್ಲುವ ಶಕ್ತಿ ಇವೆಲ್ಲವೂ ಭಾರದ ತರಬೇತಿಯಿಂದ ಬರುವಂಥವು, ಮತ್ತು ಶೇ. 11ರಷ್ಟಿನ, ಬಿಟ್ಟರೆ ಮರಳುವ ಪೆಡಸುತನಕ್ಕಾಗಿ ಅವನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಮೊದಲೇ ರಕ್ತದೊತ್ತಡ ಹೆಚ್ಚಿರುವ ಯುವಕನ ಸ್ಥಿತಿ ಬೇರೆ. ಮೇಲಿನ ಪ್ರಯೋಗಗಳಲ್ಲಿ ಭಾಗವಹಿಸಿದವರು ಆರೋಗ್ಯವಂತರು, ಅವರ ಒತ್ತಡ ಸಹಜ ಮಟ್ಟದಲ್ಲಿತ್ತು. ಜಿಮ್‌ಗೆ ಸೇರುವ ದಿನವೇ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿಕೊಳ್ಳುವುದಕ್ಕೆ ಐದು ನಿಮಿಷ ಸಾಕು. ಅದು ಹೆಚ್ಚಿದ್ದರೆ ವೈದ್ಯರನ್ನು ಕಾಣುವವರೆಗೆ ಭಾರೀ ತೂಕವನ್ನು, ಅದರಲ್ಲೂ ಉಸಿರು ಕಟ್ಟಿ ಕೊನೆಯ ರೆಪ್‌ವರೆಗೆ ಹೆಣಗುವುದನ್ನು, ಮುಂದೂಡಬೇಕು. ಉಳಿದವರು ತೂಕ ಮೇಲೆತ್ತುವಾಗ ಉಸಿರು ಬಿಡುವುದನ್ನು, ಇಳಿಸುವಾಗ ನಿಧಾನವಾಗಿ ಇಳಿಸುತ್ತಾ ಉಸಿರು ಎಳೆದುಕೊಳ್ಳುವುದನ್ನು ರೂಢಿಸಿಕೊಂಡರೆ ಒತ್ತಡದ ಶಿಖರ ತಗ್ಗುತ್ತದೆ. ಏರೋಬಿಕ್ ಭಾಗವನ್ನು ಭಾರದ ನಂತರಕ್ಕೆ ಇಡುವುದಕ್ಕೆ ಒಕಾಮೊಟೊ ಅವರ ಅಧ್ಯಯನದ ಬೆಂಬಲವಿದೆ. ಅದಕ್ಕೆ ಬೇಕಾದ ಶ್ರಮವೂ ಹೆಚ್ಚಲ್ಲ: 25 ವರ್ಷದವರ ಗರಿಷ್ಠ ಬಡಿತ ನಿಮಿಷಕ್ಕೆ ಸುಮಾರು 195 ಎಂದು ಹಿಡಿದರೆ ಅದರ ಶೇ. 60 ಎಂದರೆ ಸುಮಾರು 117, ಅಂದರೆ ಪಕ್ಕದವರೊಡನೆ ಮಾತಾಡಿಕೊಂಡೇ ಬಿರುಸಾಗಿ ನಡೆಯಬಹುದಾದ ಅಥವಾ ಸೈಕಲ್ ತುಳಿಯಬಹುದಾದ ವೇಗ.